ಬಿಳಿ ಅಂಗಿಯವನಿಗೆ ಒಂದು ಲೋಟ ಚಹಾ

ಸೆಪ್ಟೆಂಬರ್ 4

ಇಂದಿನಿಂದ ದಿನಚರಿ ಬರೆಯುತ್ತೇನೆ. ಹೋರಾಟಗಾರರಿಗೆ ಶಿಸ್ತು ಬೇಕು ಎಂದು ಕಳೆದ ತಿಂಗಳು ಬಸ್ ನಿಲ್ದಾಣದಲ್ಲಿ ಸಿಕ್ಕ ಕರಪತ್ರದಲ್ಲಿತ್ತು. ಬರೆದವರ ಹೆಸರು ಅದರಲ್ಲಿ ಇರಲಿಲ್ಲ. ಆದ್ದರಿಂದ ನಂಬಬಹುದು.

ಪರಿಸ್ಥಿತಿ ಹೀಗಿದೆ. ಸಮುದ್ರ ನುಂಗಿದ ಹಳ್ಳಿಗಳವರಿಗೆಂದು ಸರ್ಕಾರ ಸೆಮರಾಂಗ್ ನಗರದ ಉತ್ತರದಂಚಿನಲ್ಲಿ ಕಟ್ಟಿಸಿದ ಬ್ಲಾಕಿನಲ್ಲಿ ನಾವಿದ್ದೇವೆ. ನೆಲಮಹಡಿಯಲ್ಲಿ ನನ್ನ ಚಿಕ್ಕಪ್ಪ ತರ್ಮುಜಿಯ ವಿಆರ್ ಅಂಗಡಿ. ಹೆಡ್‌ಸೆಟ್ಟುಗಳು ಗಂಟೆಯ ಬಾಡಿಗೆಗೆ ಸಿಗುತ್ತವೆ. ಇಲ್ಲಿ ಯಾರೂ ಹೆಡ್‌ಸೆಟ್ ಅನ್ನುವುದಿಲ್ಲ, ಕನ್ನಡಕ ಅನ್ನುತ್ತಾರೆ. ಹಾಕಿಕೊಂಡವರು ಒಳಗೆ ನೋಡುತ್ತಿರುವುದು ಗೋಡೆಯ ಟಿವಿಯಲ್ಲಿ ಎಲ್ಲರಿಗೂ ಕಾಣುತ್ತದೆ. ಅಂಗಡಿ ನೋಡಿಕೊಳ್ಳುವುದು ನಾನು. ಆದರೆ ನನ್ನ ನಿಜವಾದ ಕೆಲಸ ಬೇರೆ.

ನಿಜವಾದ ಕೆಲಸ: 'ಗ್ರಿಯಾ' ಎಂಬ ಆಟವೊಂದಿದೆ. ಅದರಲ್ಲಿ ಮನೆ ಕಟ್ಟಿ, ಒಳಗೆ ಹೋಗಿ ಓಡಾಡಬಹುದು. ಮನೆ ಮುಳುಗಿದವರಿಗೆ ಮನೆ ಕಟ್ಟುವ ಆಟವನ್ನು ದುಡ್ಡಿಗೆ ಮಾರುವುದು ಎಷ್ಟು ದೊಡ್ಡ ನಾಚಿಕೆಗೇಡು ಎಂಬುದನ್ನು ನನ್ನ ಆರನೆಯ ಕರಪತ್ರದಲ್ಲಿ ವಿವರಿಸಿದ್ದೇನೆ. ಅದರ ಬೀಗ ಮುರಿದ ನಕಲಿ ಪ್ರತಿ ಒಂದನ್ನು ಹುಡುಕಿ ತಂದು ಎಲ್ಲ ಕನ್ನಡಕಗಳಿಗೂ ಹಾಕಿದ್ದೇನೆ. ಇದು ಕಳ್ಳತನವಲ್ಲ, ಜನರದ್ದನ್ನು ಜನರಿಗೆ ಹಿಂದಿರುಗಿಸುವುದು.

ಆರನೆಯ ಕರಪತ್ರವನ್ನು ಬೆಳಗ್ಗೆ ಮೆಟ್ಟಿಲ ಗೋಡೆಯುದ್ದಕ್ಕೂ ಅಂಟಿಸಿದೆ. ಸಂಜೆಯ ಹೊತ್ತಿಗೆ ಒಂದೂ ಉಳಿದಿರಲಿಲ್ಲ. ಜನ ಮನೆಗೆ ಒಯ್ದು ಓದುತ್ತಿದ್ದಾರೆ.

ಸೆಪ್ಟೆಂಬರ್ 6

ಬ್ಲಾಕಿನ ಮುಂದೆ ತಿಂಡಿ ಮಾರುವ ಪೈನೆಮ್, ನಾವೆಲ್ಲ 'ಬು' ಎಂದು ಕರೆಯುವ ಹಿರಿಯ ಹೆಂಗಸು, ಕರಿದ ತೋಫು ಕಟ್ಟಿಕೊಟ್ಟ ಕಾಗದ ನನ್ನ ಆರನೆಯ ಕರಪತ್ರ.

"ಒಳ್ಳೇ ಕಾಗ್ದ ಮಗಾ, ಎಣ್ಣೆ ಹೀರ್ಕೊಳುತ್ತೆ, ಹರಿಯೋದೂ ಇಲ್ಲ. ಏಳನೇದು ಯಾವಾಗ?"

ಹಂಚಿಕೆಗೆ ಇದೊಂದು ಹೊಸ ದಾರಿ. ಯೋಚಿಸಬೇಕು.

ಸೆಪ್ಟೆಂಬರ್ 11

ನಮ್ಮ ಬಳಕೆದಾರರ ಪೈಕಿ ಅತ್ಯಂತ ನಿಷ್ಠಾವಂತೆ ಮೂರನೆಯ ಮಹಡಿಯ ಜುಮಿರಾ ಅಜ್ಜಿ. ದುಡಿಯುವ ವರ್ಗದ ಶುದ್ಧ ಮಾದರಿ. ಕರಂಗ್‌ಲಾವುತ್ ಹಳ್ಳಿ ಮುಳುಗುವ ತನಕ ನಲವತ್ತು ವರ್ಷ ಮೀನಿಗೆ ಹೊಗೆ ಹಾಕಿ ಮಾರಿದವರು. ಆ ಹೊಗೆಗೆ ಬಲಗಣ್ಣು ಸದಾ ನೀರಾಡುತ್ತದೆ. ಎಡಗಣ್ಣಿನಲ್ಲಿ ಪೊರೆ. ಅಷ್ಟಾದರೂ ಕನ್ನಡಕದೊಳಗೆ ಚೆನ್ನಾಗಿ ಕಾಣುತ್ತದಂತೆ, "ಮೂಗಿನ ಮುಂದೇನೇ ಇರತ್ತಲ್ಲ" ಅನ್ನುತ್ತಾರೆ.

ಐದಾರು ತಿಂಗಳಿಂದ ದಿನವೂ ಮಧ್ಯಾಹ್ನದ ನಮಾಜು ಮುಗಿಸಿ ಬಂದು, ತಮ್ಮ ಮುಳುಗಿದ ಮನೆಯನ್ನು ಗ್ರಿಯಾದಲ್ಲಿ ಕಟ್ಟಿದ್ದಾರೆ. ಮೊದಮೊದಲು ಹೇಗೆ ಹಿಡಿಯಬೇಕು, ಹೇಗೆ ಇಡಬೇಕು ಎಂದು ನಾನು ತೋರಿಸಿಕೊಟ್ಟೆ. ಈಗ ಅವರೇ ಮಾಡುತ್ತಾರೆ. ಹಲಗೆಗೋಡೆ, ಜಗಲಿಯ ಬೆಂಚು, ಬಾವಿ, ರಾಟೆ. ಎಲ್ಲ ಮುಗಿದ ಮೇಲೆ ಹಿತ್ತಲಲ್ಲಿ ಹೊಗೆ ಒಲೆ ಕಟ್ಟಿದರು. ಆಟದ ಪಟ್ಟಿಯಲ್ಲಿ ಸಿಗುವ ಒಲೆ ಬೇಡ ಎಂದು ಒಂದೊಂದೇ ಇಟ್ಟಿಗೆ ಇಟ್ಟು, ಒಳಗೆಲ್ಲ ಕರಿ ಬಳಿದು ಕಟ್ಟಿದ್ದು. ಮೊನ್ನೆ ಒಂದು ಲಾಂದ್ರ ನೇತುಹಾಕಿದರು. ನಿನ್ನೆ ಗೋಡೆಗೊಂದು ಕ್ಯಾಲೆಂಡರು.

"ಇನ್ನೇನ್ ಕಟ್ತೀರಿ ಅಜ್ಜಿ?" ಎಂದು ಕೇಳಿದೆ.

"ಆಯ್ತಲ್ಲ. ಇನ್ನು ಕೂತ್ಕೊಳೋದು."

ಇವತ್ತು ಬಂದವರು ಒಂದು ಗಂಟೆ ಸುಮ್ಮನೆ ಕೂತು ಹೋದರು. ಅವರಲ್ಲಿ ರಾಜಕೀಯ ಪ್ರಜ್ಞೆ ಇನ್ನೂ ಮೂಡಬೇಕಾಗಿದೆ.

ಸೆಪ್ಟೆಂಬರ್ 19

ಶತ್ರು ದಾಳಿ ಮಾಡಿದ್ದಾನೆ.

ನೆಟ್ ಇಲ್ಲದೆ ಗ್ರಿಯಾ ತೆರೆಯುವುದಿಲ್ಲ. ನೆಟ್ ಇದ್ದರೆ ಅಪ್‌ಡೇಟು ತಾನಾಗಿ ನುಗ್ಗುತ್ತದೆ. ನಿನ್ನೆ ನುಗ್ಗಿದೆ. ಇವತ್ತು ಅಜ್ಜಿ ಕನ್ನಡಕ ಹಾಕಿಕೊಂಡವರೇ "ಅಯ್ಯೋ, ಯಾರೋ ಬಂದವ್ರೆ" ಅಂದರು. ಟಿವಿ ನೋಡಿದೆ. ನಡುಮನೆಯಲ್ಲಿ ಬಿಳಿ ಅಂಗಿ, ಕರಿ ಪ್ಯಾಂಟು ತೊಟ್ಟ ಒಬ್ಬ ಗಂಡಸು ಕಂಕುಳಲ್ಲಿ ಫೈಲು ಹಿಡಿದು ನಿಂತಿದ್ದ. ಅವನ ತಲೆಯ ಮೇಲೆ ಅಕ್ಷರಗಳು ತೇಲುತ್ತಿದ್ದವು:

'ಈ ಮನೆಗೆ ಲೈಸೆನ್ಸ್ ಇಲ್ಲ. ನಮ್ಮ ಪ್ರತಿನಿಧಿ ಬಂದಿದ್ದಾರೆ. ಪ್ರತಿ ಭೇಟಿಯ ಕೊನೆಗೆ ಒಂದು ವಸ್ತುವನ್ನು ಹಿಂಪಡೆಯಲಾಗುವುದು. ಮನೆ ಖಾಲಿಯಾದ ದಿನ ಅದನ್ನು ಶಾಶ್ವತವಾಗಿ ಮುಚ್ಚಲಾಗುವುದು.'

ನಾನು ಜೋರಾಗಿ ಓದಿ ಹೇಳಿದೆ. ಚಿಕ್ಕಪ್ಪನ ಮುಖ ಬಿಳಿಚಿತು. ಅಜ್ಜಿ ಆ ಆಸಾಮಿಯ ಸುತ್ತ ಒಂದು ಸುತ್ತು ಬಂದರು.

"ಕೂತ್ಕೋಪ್ಪಾ," ಅಂದರು.

ಅವನು ಕೂರಲಿಲ್ಲ. ಅಜ್ಜಿ ಕನ್ನಡಕ ತೆಗೆಯುವಾಗ ಗೋಡೆಯ ಕ್ಯಾಲೆಂಡರ್ ತೆಗೆದು ಫೈಲಿನೊಳಗಿಟ್ಟುಕೊಂಡ.

ಅವನು ಪೊಲೀಸು. ಬಂಡವಾಳದ ಕಾವಲುನಾಯಿ. ಏಳನೆಯ ಕರಪತ್ರಕ್ಕೆ ವಿಷಯ ಸಿಕ್ಕಿತು.

ಸೆಪ್ಟೆಂಬರ್ 20

ಲಾಂದ್ರ ಹೋಯಿತು.

ಅಜ್ಜಿ ಒಳಗಿರುವಾಗಲೇ ಇನ್ನೊಂದು ಕನ್ನಡಕಕ್ಕೆ ಹಳೆಯ ಆವೃತ್ತಿ ಹಾಕಿ ನೋಡಿದೆ. ಅವನು ಅಲ್ಲೂ ಇದ್ದ. ಕನ್ನಡಕದ ಗಡಿಯಾರ ಹಿಂದಕ್ಕೆ ತಿರುಗಿಸಿದೆ. ಆಗಲೂ ಇದ್ದ, ಹೊರಗೆ ಮಾತ್ರ ಕತ್ತಲೆಯಾಗಿತ್ತು. ಮನೆಯನ್ನೇ ಪ್ರತಿ ಮಾಡಿ ಬೇರೆಡೆ ಬಚ್ಚಿಡೋಣವೆಂದರೆ, ಮನೆ ಇರುವುದು ಕನ್ನಡಕದಲ್ಲಲ್ಲ, ಕಂಪನಿಯ ಕಂಪ್ಯೂಟರಿನಲ್ಲಿ. ಅಂದರೆ ಅಜ್ಜಿ ಇಷ್ಟು ತಿಂಗಳು ಇಟ್ಟಿಗೆ ಹೊತ್ತದ್ದು ಶತ್ರುವಿನ ಜಾಗದಲ್ಲಿ. ಇದು ನನಗೆ ಮೊದಲೇ ತಿಳಿದಿರಬೇಕಿತ್ತು ಎಂದು ಚಿಕ್ಕಪ್ಪ ಅಂದರು. ಟೀಕೆಯನ್ನು ದಾಖಲಿಸಿದ್ದೇನೆ.

ಬೇರೆಯವರ ಮನೆಗಳಿಗೂ ಇಂಥವನೇ ಒಬ್ಬೊಬ್ಬ ಬಂದಿದ್ದಾನೆ. ನಾಲ್ಕನೆಯ ಮಹಡಿಯ ಹುಡುಗ ಕಟ್ಟಿದ್ದ ಈಜುಕೊಳದ ಅರಮನೆ ದಿನಕ್ಕಿಷ್ಟು ಖಾಲಿಯಾಗುತ್ತಿದೆ. "ಹೋಗ್ಲಿ ಬಿಡಕ್ಕ" ಎಂದು ಅವನು ಕಾರ್ ರೇಸಿಗೆ ಹೋದ. ಜನರಿಗೆ ಸಿಟ್ಟು ಬರುವುದಿಲ್ಲ. ಇದೇ ನಮ್ಮ ದೇಶದ ಕಷ್ಟ.

ಅಜ್ಜಿಗೂ ಸಿಟ್ಟು ಬಂದಿಲ್ಲ. ಅವರ ಪ್ರಶ್ನೆ ಒಂದೇ: "ಅವನ್ಯಾಕೆ ನಿಂತೇ ಇರ್ತಾನೆ?"

ಸೆಪ್ಟೆಂಬರ್ 22

ನಿನ್ನೆ ಇಡೀ ದಿನ ನೆಟ್ ಇರಲಿಲ್ಲ. ಇವತ್ತು ಪಾಕ್ ಸುಗಿಯಾರ್ತೊ ಅಂಗಡಿಗೆ ಬಂದರು. ಇವರು ಕರಂಗ್‌ಲಾವುತ್‌ನ ಮೂರನೆಯ ಕೇರಿಯ ಮುಖ್ಯಸ್ಥರು, ಹಾಗಾಗಿ ಎಲ್ಲರೂ ಗೌರವದಿಂದ 'ಪಾಕ್' ಅನ್ನುತ್ತಾರೆ. ಕೇರಿ ಈಗ ಎದೆಮಟ್ಟದ ನೀರಿನಲ್ಲಿದೆ. ಆದರೆ ಸರ್ಕಾರ ಕೇರಿಯನ್ನು ರದ್ದು ಮಾಡಲು ಮರೆತಿರುವುದರಿಂದ ಇವರೂ ರದ್ದಾಗಿಲ್ಲ. ಮೊಹರು ಯಾವಾಗಲೂ ಅಂಗಿಯ ಜೇಬಿನಲ್ಲಿರುತ್ತದೆ.

"ಜುಮಿರಾ ಮನೇಲಿ ಯಾರೋ ಗಂಡಸು ಉಳ್ಕೊಂಡಿದಾನಂತೆ?"

"ಅದು ಮನುಷ್ಯ ಅಲ್ಲ ಪಾಕ್, ಪೈರಸಿ ತಡೆಯೋಕೆ ಕಂಪನಿಯವ್ರು ಇಟ್ಟಿರೋ ಒಂದು..."

"ಎಷ್ಟು ದಿನ ಆಯ್ತು?"

"ನಾಲ್ಕು."

"ನೋಡು! ಹೊರಗಿನೋರು ಒಂದಿನ ಮೀರಿ ಉಳಿದ್ರೆ ಕೇರಿ ಮುಖ್ಯಸ್ಥನಿಗೆ ಹೇಳ್ಬೇಕು. ದೇಶಕ್ಕೆಲ್ಲಾ ಒಂದೇ ನಿಯಮ. ಮನೆ ಎಲ್ಲಿದೆ? ಮೂರನೇ ಕೇರೀಲಿ. ನನ್ನ ಕೇರಿ ತಾನೆ?"

ಅವರ ಮಾತಿನಲ್ಲಿ ತಪ್ಪು ಎಲ್ಲಿದೆ ಎಂದು ನನಗೆ ತಕ್ಷಣ ಹೊಳೆಯಲಿಲ್ಲ. ಈಗಲೂ ಹೊಳೆದಿಲ್ಲ.

ಅಜ್ಜಿ ಆಗಲೇ ಒಳಗಿದ್ದರು; ಪಾಕ್ ಕೂಡ ಇನ್ನೊಂದು ಕನ್ನಡಕ ಹಾಕಿಕೊಂಡು ಒಳಗೆ ಹೋದರು. ಟೋಪಿ ಸರಿಮಾಡಿಕೊಂಡು, ಕಿರಿಯ ಗಂಡಸರನ್ನು ಕರೆಯುವಂತೆ 'ಮಾಸ್' ಎಂದು ಮಾತಾಡಿಸಿದರು. "ಮಾಸ್, ನಮಸ್ಕಾರ. ಹೆಸ್ರೇನು? ಯಾವೂರು? ಗುರುತಿನ ಚೀಟಿ ಇದ್ಯಾ?" ಬಿಳಿ ಅಂಗಿಯವನು ಗೋಡೆ ನೋಡುತ್ತ ನಿಂತಿದ್ದ. "ಏನ್ರೀ ಮಾಸ್, ದೊಡ್ಡೋರು ಮಾತಾಡಿಸ್ತಿದೀವಿ, ಬಾಯಿಲ್ವಾ?" ಸ್ವಲ್ಪ ಹೊತ್ತು ಕಾದು ಹೊರಬಂದರು.

"ಮೂಗ ಇರ್ಬೇಕು ಪಾಪ," ಅಂದರು ಅಜ್ಜಿ.

"ಮೂಗ ಆದ್ರೂ ನಿಯಮ ನಿಯಮಾನೇ. ಕೇರಿ ಬಾಯಲ್ಲಿ ನಮ್ಮ ಬೋರ್ಡ್ ಇತ್ತಲ್ಲ, ಅದೆಲ್ಲಿ? ಬೋರ್ಡೇ ಇಲ್ದಿದ್ರೆ ಅವನಿಗಾದ್ರೂ ಹೇಗೆ ಗೊತ್ತಾಗ್ಬೇಕು? ವೆನಿಂಗ್, ನೀನು ಓದಿದ ಹುಡುಗಿ, ಒಂದು ಬೋರ್ಡ್ ಹಾಕು."

ಅಂಗಡಿಯ ಕಂಪ್ಯೂಟರಿನಿಂದಲೇ ಮನೆಯ ಮುಂದೆ ಒಂದು ಬೋರ್ಡ್ ನೆಟ್ಟುಕೊಟ್ಟೆ: 'ಅತಿಥಿಗಳು ಒಂದು ದಿನ ಮೀರಿದರೆ ವರದಿ ಮಾಡತಕ್ಕದ್ದು.' ಶತ್ರುವನ್ನು ಗೊಂದಲಕ್ಕೀಡು ಮಾಡುವುದೂ ಒಂದು ತಂತ್ರ. ಪಾಕ್ ಸುಗಿಯಾರ್ತೊ ಅದನ್ನು ಟಿವಿಯಲ್ಲಿ ಬಹಳ ಹೊತ್ತು ನೋಡಿದರು. ಕೇರಿ ಮುಳುಗಿದ ಮೇಲೆ ಅವರು ಇಷ್ಟು ನೆಟ್ಟಗೆ ನಿಂತದ್ದನ್ನು ನಾನು ಕಂಡಿರಲಿಲ್ಲ.

ಸೆಪ್ಟೆಂಬರ್ 23

ಅವನು ಬೋರ್ಡನ್ನು ಒಯ್ದಿದ್ದಾನೆ.

"ಬೋರ್ಡನ್ನೇ?" ಎಂದು ಪಾಕ್ ಸುಗಿಯಾರ್ತೊ ಮೂರು ಸಲ ಕೇಳಿದರು. ಕೊನೆಗೆ, "ಅಂದ್ರೆ ಓದಿದಾನೆ" ಎಂದು ಸಮಾಧಾನ ಮಾಡಿಕೊಂಡರು.

ಸೆಪ್ಟೆಂಬರ್ 25

ಇವತ್ತು ಅಜ್ಜಿ ನನ್ನ ಮೇಲೆ ರೇಗಿದರು. ಕಂಪನಿಯ ಮೇಲಲ್ಲ, ನನ್ನ ಮೇಲೆ.

"ಮನೆಗೆ ಬಂದೋನಿಗೆ ವಾರ ಆದ್ರೂ ಒಂದು ಲೋಟ ಟೀ ಕೊಟ್ಟಿಲ್ಲ. ನಂಗೆ ಅವನ ಮುಖ ನೋಡೋಕೆ ನಾಚಿಕೆ ಆಗ್ತಿದೆ, ಅದಕ್ಕೇ ಮೊನ್ನೆಯಿಂದ ಒಳಗೇ ಹೋಗಿಲ್ಲ."

"ಅಜ್ಜಿ, ಅವನು ನಿಮ್ಮ ಸಾಮಾನು ಕದಿಯೋಕೆ ಬಂದಿರೋದು!"

"ಹಸಿದಿದ್ರೆ ಏನ್ ಮಾಡ್ತಾನೆ? ನಮ್ಮನೆಗೆ ಯಾರಾದ್ರೂ ಬಂದು ಎಷ್ಟು ವರ್ಷ ಆಯ್ತು ಗೊತ್ತಾ ನಿಂಗೆ? ದಾರಿ ಮೇಲೆ ನೀರು ಬಂದ ಮೇಲೆ ನನ್ನ ಸ್ವಂತ ತಂಗೀನೂ ಬರಲಿಲ್ಲ. ಇವನು ಬಂದಿದಾನೆ. ನಡಿ, ಟೀ ಇಡು. ಮಲ್ಲಿಗೆ ಟೀ. ಸಕ್ಕರೆ ಮುಂದಾಗಿರ್ಲಿ."

ಆಟದ ಪಟ್ಟಿಯಲ್ಲಿ ಚಹಾ ಇಲ್ಲ. ಒಂದು ಹೂದಾನಿಯನ್ನು ಸಣ್ಣದು ಮಾಡಿ, ಒಳಗೆ ಕಂದು ಬಣ್ಣ ತುಂಬಿದೆ. ಮೇಜಿನ ಮೇಲಿಟ್ಟೆ. ಅಜ್ಜಿ ಬಗ್ಗಿ ನೋಡಿದರು.

"ಇಷ್ಟು ತುಂಬಾ ತುಂಬಿಸ್ತಾರಾ? ಚೆಲ್ಲಲ್ವಾ?"

ಸ್ವಲ್ಪ ಕಮ್ಮಿ ಮಾಡಿದೆ. ಕ್ರಾಂತಿಕಾರಿಯೊಬ್ಬಳು ಪೊಲೀಸನಿಗೆ ಚಹಾ ಕಾಸಿದ ಪ್ರಸಂಗ ಯಾವ ಕರಪತ್ರದಲ್ಲೂ ಇಲ್ಲ.

ಸೆಪ್ಟೆಂಬರ್ 26

ಮನೆಯಲ್ಲಿ ಎಲ್ಲ ಇದ್ದ ಹಾಗೇ ಇದೆ. ಲೋಟ ಮಾತ್ರ ಇಲ್ಲ.

"ಕುಡಿದಿದಾನೆ," ಅಂದರು ಅಜ್ಜಿ.

ಕೂತು ಯೋಚಿಸಿದೆ. ಕೊನೆಗೆ ಇಟ್ಟದ್ದು ಕ್ಯಾಲೆಂಡರ್, ಮೊದಲು ಹೋದದ್ದು ಕ್ಯಾಲೆಂಡರ್. ಅದಕ್ಕೂ ಮೊದಲು ಇಟ್ಟದ್ದು ಲಾಂದ್ರ, ಆಮೇಲೆ ಹೋದದ್ದು ಲಾಂದ್ರ. ಬೋರ್ಡ್ ಇಟ್ಟ ಮರುದಿನ ಬೋರ್ಡ್. ಈಗ ಚಹಾ. ಅವನು ಆರಿಸಿ ಒಯ್ಯುವುದಿಲ್ಲ, ಎಲ್ಲಕ್ಕಿಂತ ಕೊನೆಗೆ ಇಟ್ಟದ್ದನ್ನು ಒಯ್ಯುತ್ತಾನೆ. ಅಂದರೆ ಪ್ರತಿ ಭೇಟಿಗೂ ಹೊಸದಾಗಿ ಒಂದು ಲೋಟ ಚಹಾ ಇಟ್ಟರೆ, ಅವನು ಅದನ್ನಷ್ಟೇ ತೆಗೆದುಕೊಂಡು ಹೋಗುತ್ತಾನೆ. ಮನೆ ಉಳಿಯುತ್ತದೆ.

ಈ ಯುದ್ಧತಂತ್ರಕ್ಕೆ 'ವೆನಿಂಗ್ ವಿಧಾನ' ಎಂದು ಹೆಸರಿಟ್ಟಿದ್ದೇನೆ. ಅಜ್ಜಿಗೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಅದೇ ನಾನೂ ಹೇಳಿದ್ದು, ಟೀ ಇಡು ಅಂತ" ಅಂದರು.

ಅಕ್ಟೋಬರ್ 2

ಒಂದು ತೊಡಕು. ಈಗೀಗ ಅಜ್ಜಿಯ ಕಣ್ಣಲ್ಲಿ ನೀರು ಹೆಚ್ಚು ಬರುತ್ತಿದೆ, ಬಂದಾಗಲೆಲ್ಲ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾರೆ. ಅಜ್ಜಿಗೆ ಅದು ಕಣ್ಣು ಒರೆಸುವುದು, ಅವನಿಗೆ ಅದು ಭೇಟಿಯ ಕೊನೆ. ಹಾಗಾಗಿ ಒಂದೇ ಮಧ್ಯಾಹ್ನ ನಾಲ್ಕೈದು ಲೋಟ ಇಡಬೇಕಾಗುತ್ತದೆ. ಪಕ್ಕದಲ್ಲೇ ಕೂತು ನೋಡಿಕೊಳ್ಳುತ್ತೇನೆ. ಅಜ್ಜಿಯ ಕೈ ಸೆರಗಿನತ್ತ ಹೋದ ಕೂಡಲೇ ನಾನು ಲೋಟ ಇಟ್ಟಿರುತ್ತೇನೆ.

ಅವನು ಈಗ ಬೆಂಚಿನ ಮೇಲೆ ಕೂರುತ್ತಾನೆ. ಮೊನ್ನೆಯ ಅಪ್‌ಡೇಟಿನಿಂದ ಇರಬಹುದು. ಚಹಾದಿಂದ ಎಂದು ಅಜ್ಜಿಯ ಅಭಿಪ್ರಾಯ. ಅವರು ಅವನ ಎದುರು ಕೂತು ಮಾತಾಡುತ್ತಾರೆ, ಮೀನಿನ ದರ, ತಂಗಿಯ ಜಗಳ, ಗಂಡ ಬಲೆ ಹೆಣೆಯುತ್ತಿದ್ದದ್ದು. ಅವನು ಗೋಡೆ ನೋಡುತ್ತಾನೆ. ನಾನೂ ಕೇಳಿಸಿಕೊಂಡೆ, ಬೇರೆ ಕೆಲಸವಿಲ್ಲದ್ದರಿಂದ.

ಏಳನೆಯ ಕರಪತ್ರ ಅರ್ಧಕ್ಕೆ ನಿಂತಿದೆ.

ಅಕ್ಟೋಬರ್ 14

ಯೋಗ್ಯಕರ್ತಾದಿಂದ ಕರೆ ಬಂದಿದೆ! 'ಬೀಗಮುಕ್ತ ನಾಳೆ' ಎಂಬ ಸಭೆಯಲ್ಲಿ ಮಾತಾಡಬೇಕಂತೆ. ನನ್ನ ಆರನೆಯ ಕರಪತ್ರವನ್ನು ಯಾರೋ ಓದಿದ್ದಾರೆ. (ಬಾಳೆಹಣ್ಣಿನ ಬಜ್ಜಿಯ ಸುತ್ತ ಸಿಕ್ಕಿತೆಂದು ಬರೆದಿದ್ದಾರೆ. ಪರವಾಗಿಲ್ಲ.) ಶುಕ್ರವಾರ ಹೊರಟು ಭಾನುವಾರ ವಾಪಸ್.

ಚಹಾ ಇಡುವುದನ್ನು ಚಿಕ್ಕಪ್ಪನಿಗೆ ತೋರಿಸಿಕೊಟ್ಟೆ. ಎರಡು ಸಲ.

"ಗೊತ್ತಾಯ್ತು ಹೋಗೇ. ಟೀ ಇಡೋಕೂ ಪಾಠನಾ?"

ಅಕ್ಟೋಬರ್ 18

ಸಭೆ ಯಶಸ್ವಿ. ಹನ್ನೊಂದು ಜನ ಬಂದಿದ್ದರು. 'ಮನೆ ಕಟ್ಟಿದವರದ್ದೇ ಮನೆ' ಎಂಬ ಮಾತಿಗೆ ಬಹಳ ಹೊತ್ತು ಚಪ್ಪಾಳೆ.

ಅಕ್ಟೋಬರ್ 19

ಹೊಗೆ ಒಲೆ ಹೋಗಿದೆ.

ಚಿಕ್ಕಪ್ಪ ಹೇಳಿದ್ದು: ಶುಕ್ರವಾರ ಚಹಾ ಇಟ್ಟರು. ಶನಿವಾರ ಕಾರ್ ರೇಸಿನ ಹುಡುಗರ ಗಲಾಟೆಯಲ್ಲಿ ಮರೆತರು. ಭಾನುವಾರವೂ ಮರೆತರು. "ಅಜ್ಜಿ ಪಾಡಿಗೆ ಅಜ್ಜಿ ಕೂತಿದ್ರು. ಕಣ್ಣು ಒರೆಸ್ಕೊಳೋರು, ಹಾಕೊಳೋರು. ನಂಗೇನ್ ಗೊತ್ತು? ಟೀ ತಾನೆ ಅಂದ್ಕೊಂಡೆ."

ಶನಿವಾರದಿಂದ ಅವನಿಗೆ ಚಹಾ ಇರಲಿಲ್ಲ. ಆದ್ದರಿಂದ ಅಜ್ಜಿ ಕೊನೆಗೆ ಇಟ್ಟದ್ದರಿಂದ ಶುರುಮಾಡಿ ಒಂದೊಂದೇ ತೆಗೆಯುತ್ತ ಹೋದ. ಮೊದಲು ಒಲೆಯ ಮೇಲಿನ ತಂತಿಬಲೆ. ಆಮೇಲೆ ಕರಿ ಬಳಿದ ಇಟ್ಟಿಗೆಗಳು, ಅಜ್ಜಿ ಕಣ್ಣೊರೆಸಿಕೊಂಡಷ್ಟು ಸಲ ಒಂದೊಂದೇ ಸಾಲು. ಒಲೆಯಲ್ಲಿ ಸಾಲುಗಳು ಬಹಳ ಇದ್ದವು. ಅಜ್ಜಿ ಈ ಎರಡು ದಿನ ಕಣ್ಣೊರೆಸಿಕೊಂಡದ್ದೂ ಬಹಳ ಸಲ ಇರಬೇಕು.

ಮೂರನೆಯ ಮಹಡಿಗೆ ಹೋದೆ. ಅಜ್ಜಿ ಅಕ್ಕಿ ಆರಿಸುತ್ತಿದ್ದರು. ಹೇಗೆ ಶುರುಮಾಡಬೇಕೆಂದು ತಿಳಿಯದೆ ಸಭೆಯ ಸುದ್ದಿ ಹೇಳಿದೆ.

"ಚಪ್ಪಾಳೆ ಹೊಡೆದ್ರಾ?"

"ಹೊಡೆದ್ರು."

"ಒಳ್ಳೇದಾಯ್ತು," ಅಂದರು. "ಅವನದ್ದೇನೂ ತಪ್ಪಿಲ್ಲ ಬಿಡು. ಕೇಳಿದ್ರೆ ಕೊಡ್ತಿದ್ದೆ. ಬಾಯಿ ಬರಲ್ವಲ್ಲ."

ಅಕ್ಟೋಬರ್ 23

ಪಟ್ಟಿಯಲ್ಲಿರುವ ಅತ್ಯುತ್ತಮ ಒಲೆ ತಂದು ಅದೇ ಜಾಗದಲ್ಲಿಟ್ಟೆ. ಒಳಗೆ ಕರಿ ಬಳಿದೆ. ಆಮೇಲೆ ಚಹಾ ಇಟ್ಟೆ. ಅಜ್ಜಿ ಬಂದು ನೋಡಿ "ಚೆನ್ನಾಗಿದೆ ಮಗಾ" ಅಂದರು. ಅದರ ಹತ್ತಿರ ಹೋಗಲಿಲ್ಲ.

ಸಂಜೆ ಅದನ್ನು ತೆಗೆದುಬಿಟ್ಟೆ.

ಅಕ್ಟೋಬರ್ 24

ಇಟ್ಟಿಗೆ ಇಟ್ಟಿಗೆಯಾಗಿ ನೀವೇ ಕಟ್ಟಿ, ನಾನು ಜೊತೆಗಿರುತ್ತೇನೆ ಅಂದೆ. ಅಜ್ಜಿ ಒಂದು ಸಾಲು ಇಟ್ಟು ನಿಲ್ಲಿಸಿದರು. "ಕೈ ಮರ್ತುಬಿಟ್ಟಿದೆ" ಅಂದರು. ಆ ಸಾಲನ್ನು ಅವನು ಒಯ್ದ. ಚಹಾ ಇಡುವುದನ್ನು ನಾನೇ ಮರೆತಿದ್ದೆ.

ನವೆಂಬರ್ 2

ಒಂದು ವಿಷಯವನ್ನು ಇಲ್ಲಿ ದಾಖಲಿಸುತ್ತೇನೆ, ಬೇರೆಲ್ಲೂ ಹೇಳುವುದಿಲ್ಲ. ಲೈಸೆನ್ಸ್ ಕೊಂಡೆ.

ಕರಪತ್ರಗಳಿಗೆಂದು ಹಳೆಯ ಝೆರಾಕ್ಸ್ ಯಂತ್ರವೊಂದನ್ನು ತರಲು ಕೂಡಿಟ್ಟದ್ದು ಅದಕ್ಕೆ ಹೋಯಿತು. ಕೊಂಡವರಿಗೆ ಪ್ರತಿನಿಧಿ ಒಯ್ದದ್ದೆಲ್ಲ ವಾಪಸ್ ಬರುತ್ತದೆ ಎಂದು ಜಾಹೀರಾತಿನಲ್ಲಿತ್ತು. ಇದು ಶರಣಾಗತಿಯಲ್ಲ. ಶತ್ರುವಿನ ವಶದಲ್ಲಿದ್ದ ಒಲೆಯ ಬಿಡುಗಡೆ. ಎಂಟನೆಯ ಕರಪತ್ರದಲ್ಲಿ ಈ ವ್ಯತ್ಯಾಸವನ್ನು ವಿವರಿಸಬೇಕಾಗುತ್ತದೆ. ಅದನ್ನು ಅಂಟಿಸುವುದಿಲ್ಲ.

ಅಜ್ಜಿಗೆ ನಾಳೆ ತೋರಿಸುತ್ತೇನೆ.

ನವೆಂಬರ್ 3

ಲೈಸೆನ್ಸಿಗೆ ಒಬ್ಬರ ಕಣ್ಣು. ಯಾರ ಕಣ್ಣನ್ನು ಮೊದಲು ತೋರಿಸುತ್ತೇವೋ ಅವರಷ್ಟೇ ಮಾಲೀಕರು. ಪ್ರತಿ ಸಲ ಒಳಗೆ ಹೋಗುವಾಗಲೂ ಯಂತ್ರ ಎರಡೂ ಕಣ್ಣು ನೋಡಿ, ಅವರೇ ಹೌದೆಂದು ಖಾತ್ರಿಯಾದರೆ ಬಾಗಿಲು ತೆಗೆಯುತ್ತದೆ. ಬೇರೆಯವರು ಕದ್ದು ನೋಡಬಾರದೆಂದು ಈ ವ್ಯವಸ್ಥೆ.

ಅಜ್ಜಿಗೆ ಕನ್ನಡಕ ಹಾಕಿದೆ. 'ನೇರವಾಗಿ ನೋಡಿ' ಎಂದಿತು. ಅಜ್ಜಿ ನೋಡಿದರು.

'ವ್ಯಕ್ತಿ ಕಾಣಿಸುತ್ತಿಲ್ಲ.'

ಬಲಗಣ್ಣು ಒರೆಸಿದೆ. ಗಾಜು ಒರೆಸಿದೆ. ಪಟ್ಟಿ ಬಿಗಿ ಮಾಡಿದೆ.

'ವ್ಯಕ್ತಿ ಕಾಣಿಸುತ್ತಿಲ್ಲ.'

"ಏನಂತೆ?" ಅಂದರು ಅಜ್ಜಿ.

ಹೇಳಿದೆ.

"ಇಲ್ಲೇ ಇದೀನಲ್ಲಪ್ಪಾ," ಎಂದು ಯಂತ್ರಕ್ಕೆ ಹೇಳಿದರು. ಆಮೇಲೆ ನನಗೆ, "ಪೊರೆ ಕಣ್ಣು ಅಲ್ವಾ, ಅದಕ್ಕೇನ್ ಕಾಣ್ಬೇಕು ಪಾಪ."

ಚಿಕ್ಕಪ್ಪ "ನೀನೊಂದ್ಸಲ ಹಾಕಿ ನೋಡೇ, ಯಂತ್ರ ಕೆಟ್ಟಿರ್ಬೇಕು" ಅಂದರು. ಯೋಚಿಸದೆ ಹಾಕಿಕೊಂಡೆ. ಯಂತ್ರ ಕೆಟ್ಟಿರಲಿಲ್ಲ.

'ಸ್ವಾಗತ, ಮಾಲೀಕರೇ. ಖರೀದಿಗೆ ಧನ್ಯವಾದ.'

ಹೀಗೆ ಜುಮಿರಾ ಅಜ್ಜಿಯ ಮನೆ ನನ್ನದಾಯಿತು.

ಒಳಗೆ ಎಲ್ಲ ವಾಪಸ್ ಬಂದಿತ್ತು. ಕ್ಯಾಲೆಂಡರ್, ಲಾಂದ್ರ, ಪಾಕ್ ಸುಗಿಯಾರ್ತೊ ಅವರ ಬೋರ್ಡ್. ಮೇಜಿನ ಮೇಲೆ, ನೆಲದ ಮೇಲೆ, ಜಗಲಿಯ ತುಂಬ ಚಹಾ ಲೋಟಗಳು, ನಾನು ಇಟ್ಟದ್ದಷ್ಟೂ. ಒಂದನ್ನೂ ಕುಡಿದಿರಲಿಲ್ಲ. ಹಿತ್ತಲಲ್ಲಿ ಒಲೆ. ಅದರ ಒಳಗೋಡೆಯಲ್ಲಿ ಅಜ್ಜಿ ಕರಿ ಬಳಿದ ಗೆರೆಗಳು.

ಅಜ್ಜಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಟಿವಿ ನೋಡುತ್ತಿದ್ದರು.

"ಒಲೆ ಕಾಣ್ತಿದ್ಯಾ ಅಜ್ಜಿ?"

"ಕಾಣ್ತಿದೆ, ಮಸಮಸ್ಕಾಗಿ. ಬೆಂಚಿನ ಕಡೆ ತಿರುಗು. ಅವನಿಲ್ವಾ?"

"ಇಲ್ಲ. ಹೋದ."

"ಹೇಳ್ದೇನೇ ಹೋದ್ನಾ?"

ಅಜ್ಜಿ ಇನ್ನೂ ಸ್ವಲ್ಪ ಹೊತ್ತು ಟಿವಿ ನೋಡಿದರು. ಅನ್ನಕ್ಕಿಡಬೇಕು ಎಂದು ಎದ್ದರು.

ನವೆಂಬರ್ 4

ಅಜ್ಜಿ ಬರಲಿಲ್ಲ.

ನವೆಂಬರ್ 5

ಬರಲಿಲ್ಲ.

ನವೆಂಬರ್ 7

ಇವತ್ತೂ ಇಲ್ಲ. ಮಾಲೀಕಳಾಗಿ ಒಳಗೆ ಹೋಗಿ ಲೋಟಗಳನ್ನೆಲ್ಲ ತೆಗೆದೆ. ಬೆಂಚಿನ ಮೇಲೆ ಕೂತೆ. ಬೇಜಾರಾಯಿತು. ಎದ್ದು ಬಂದೆ.

ಪಾಕ್ ಸುಗಿಯಾರ್ತೊ ಬಂದು ಬೋರ್ಡ್ ವಾಪಸ್ ಬಂದದ್ದನ್ನು ನೋಡಿ ಸಂತೋಷಪಟ್ಟರು. ಆಮೇಲೆ, "ಓದೋಕೆ ಯಾರೂ ಇಲ್ವಲ್ಲ" ಅಂದರು.

ನವೆಂಬರ್ 8

ಅಜ್ಜಿಯ ಮನೆಗೆ ಹೋದೆ. ಹೊಗೆಮೀನಿನ ಸಾರು ಮಾಡಿದ್ದರು, ಕೊಬ್ಬರಿಹಾಲು ಹಾಕಿ. ಉಣ್ಣು ಅಂದರು, ಉಂಡೆ. ನೇರವಾಗಿ ಕೇಳಿದೆ. ಜನರನ್ನು ನೇರವಾಗಿ ಕೇಳಬೇಕು ಎಂದು ಎಲ್ಲೂ ಓದಿದ ನೆನಪಿಲ್ಲ.

"ಅಜ್ಜಿ, ಎರಡು ದಾರಿ ಇದೆ. ಲೈಸೆನ್ಸ್ ಇಟ್ಕೊಂಡ್ರೆ ಒಲೆ ಇರತ್ತೆ, ಒಳಗೆ ನಾನು ಮಾತ್ರ ಹೋಗ್ಬೋದು, ನೀವು ಟಿವೀಲಿ ನೋಡ್ಬೋದು. ಎರಡು ವಾರದೊಳಗೆ ವಾಪಸ್ ಕೊಟ್ರೆ ದುಡ್ಡು ಬರತ್ತೆ, ಅವನು ಬರ್ತಾನೆ, ಒಲೆ ಹೋಗತ್ತೆ, ನೀವು ಒಳಗೆ ಹೋಗ್ಬೋದು."

ಅಜ್ಜಿ ನನ್ನ ತಟ್ಟೆಗೆ ಇನ್ನೊಂದು ತುಂಡು ಹಾಕಿದರು.

"ಒಲೇನ ಸಮುದ್ರ ಒಂದ್ಸಲ ತಗೊಂಡ್ ಹೋಯ್ತು, ಅವನೊಂದ್ಸಲ. ಎಲ್ಲಿತ್ತು ಅಂತ ನಂಗೊತ್ತಲ್ಲ. ನಮ್ಮನೆ ಟಿವೀಲಿ ನೋಡೋಕೆ ಅದೇನು ಧಾರಾವಾಹಿನಾ?"

ಸಾರಿನ ಪಾತ್ರೆಗೆ ಮುಚ್ಚಳ ಹಾಕುತ್ತ ಕೇಳಿದರು. "ನಿನ್ನ ಯಂತ್ರದ ದುಡ್ಡಲ್ವಾ ಅದು? ತರ್ಮುಜಿ ಹೇಳ್ದ."

ಚಿಕ್ಕಪ್ಪನಿಗೆ ಯಾವ ಗುಟ್ಟನ್ನೂ ಹೇಳಬಾರದು.

ನವೆಂಬರ್ 9

ಲೈಸೆನ್ಸ್ ಹಿಂದಿರುಗಿಸಿದೆ. ಕಾರಣ ಬರೆಯಿರಿ ಎಂದು ಒಂದು ಚೌಕ ಇತ್ತು. ಬಂಡವಾಳ, ಬೀಗ, ಒಡೆತನದ ಇತಿಹಾಸ ಇವುಗಳ ಕುರಿತು ದೀರ್ಘವಾಗಿ ಬರೆದೆ. ಇಷ್ಟು ಹಿಡಿಸುವುದಿಲ್ಲ ಎಂದು ಬಂತು. ಎಲ್ಲ ಅಳಿಸಿ, 'ಮನೆಯವರಿಗೆ ಬಾಗಿಲು ತೆಗೆಯುವುದಿಲ್ಲ' ಎಂದು ಬರೆದೆ. ಅದು ಹಿಡಿಸಿತು.

ನವೆಂಬರ್ 11

ಮಧ್ಯಾಹ್ನದ ನಮಾಜು ಮುಗಿಸಿ ಅಜ್ಜಿ ಬಂದರು. ತಲೆಗೆ ಹೊಸ ವಸ್ತ್ರ ಹೊದ್ದಿದ್ದರು. ಕನ್ನಡಕ ಹಾಕಿದೆ. ಕಣ್ಣು ಯಾರದ್ದೆಂದು ಯಂತ್ರ ಕೇಳಲಿಲ್ಲ.

ನಡುಮನೆಯಲ್ಲಿ ಅವರು ನಿಂತಿದ್ದರು. ಅದೇ ಬಿಳಿ ಅಂಗಿ, ಅದೇ ಫೈಲು. ಈ ಮನೆಗೆ ಲೈಸೆನ್ಸ್ ಇಲ್ಲ ಎಂದು ತಲೆಯ ಮೇಲೆ ತೇಲುತ್ತಿತ್ತು.

"ಎಲ್ಲಪ್ಪಾ ಹೋಗಿದ್ದೆ? ಹೇಳಿ ಹೋಗ್ಬಾರ್ದಾ?" ಅಂದರು ಅಜ್ಜಿ. "ಸೊರಗಿದಾನೆ ಅಲ್ವಾ ಮಗಾ?"

ಟಿವಿಯಲ್ಲಿ ಗಮನವಿಟ್ಟು ನೋಡಿದೆ. ಸ್ವಲ್ಪ ಸೊರಗಿದಂತೆಯೇ ಕಂಡರು.

ಪಾಕ್ ಸುಗಿಯಾರ್ತೊ, ಹೋಗಿ ವಾಪಸ್ ಬಂದವರು ಹೊಸದಾಗಿ ವರದಿ ಮಾಡಬೇಕು ಎಂದರು. ಅತಿಥಿಯ ಪರವಾಗಿ ನಾನು ಮಾಡಿದೆ. ಹೆಸರು: ಗೊತ್ತಿಲ್ಲ. ಬಂದ ಉದ್ದೇಶ: ಕೆಲಸದ ಮೇಲೆ. ಎಷ್ಟು ದಿನ: ಹೇಳಲಾಗದು. ಪಾಕ್ ಜೇಬಿನಿಂದ ಮೊಹರು ತೆಗೆದು ಒತ್ತಿದರು. ಒತ್ತಿದ್ದು ನನ್ನ ಏಳನೆಯ ಕರಪತ್ರದ ಹಿಂಬದಿಗೆ. ಬೇರೆ ಕಾಗದ ಕೈಗೆ ಸಿಗಲಿಲ್ಲ.

ಅಜ್ಜಿ ಹಿತ್ತಲಿಗೆ ಹೋದರು. ಒಲೆ ಇದ್ದ ಜಾಗ ಖಾಲಿ. ಅದನ್ನು ಬಳಸಿಕೊಂಡು ಆಚೆ ಬದಿಯಿಂದ ಬಾವಿಯ ಹತ್ತಿರ ಹೋದರು. ಬರುವಾಗಲೂ ಹಾಗೇ ಬಳಸಿಕೊಂಡೇ ಬಂದರು.

ಅಜ್ಜಿಯ ಕೈ ಸೆರಗಿನತ್ತ ಹೋಗುವ ಮೊದಲೇ ನಾನು ಚಹಾ ಇಟ್ಟೆ. ಇನ್ನು ಮೇಲೆ ಎರಡು ಲೋಟ ಇಡುವುದೆಂದು ತೀರ್ಮಾನಿಸಿದ್ದೇನೆ, ಮೊದಲು ಅಜ್ಜಿಯದು, ಆಮೇಲೆ ಬಿಳಿ ಅಂಗಿಯವರದು. ಕೊನೆಗೆ ಇಟ್ಟದ್ದನ್ನು ಅವರು ಒಯ್ಯುತ್ತಾರೆ. ಅಜ್ಜಿಯದು ಅಲ್ಲೇ ಉಳಿಯುತ್ತದೆ.

ನಾಳೆ ಬಾಳೆಹಣ್ಣಿನ ಬಜ್ಜಿಯನ್ನೂ ಇಡಬೇಕು. ಬರೀ ಚಹಾ ಕೊಟ್ಟು ಕಳಿಸುವುದು ಚೆನ್ನಾಗಿ ಕಾಣುವುದಿಲ್ಲ.